‘ಸದಾ ಶ್ರಮಪಟ್ಟರು’ ಎಂಬ ಸರ್ಟಿಫಿಕೇಟು

ನನ್ನ ಕೊರಳಿಗೆ ಬಿದ್ದ ಕುಣಿಕೆಯನ್ನು ನಾನೇ ಟೈಪ್ ಮಾಡಿದೆ, ಎರಡು ಕಾರ್ಬನ್ ಪ್ರತಿಗಳ ಸಮೇತ. ಅದೂ ಸಾಲದೆಂದು ಕರಡಿನಲ್ಲಿದ್ದ ಒಂದು ಕಾಗುಣಿತದ ತಪ್ಪನ್ನು ತೋರಿಸಿಕೊಟ್ಟೆ. ಕಾರ್ಯದರ್ಶಿಗಳು ‘ಭೇಷ್’ ಎಂದರು. ನಾನು ಹಲ್ಲು ಕಿರಿದೆ. ಈಗ ನೆನೆದರೆ ಆ ಹಲ್ಲುಗಳನ್ನೆಲ್ಲ ಉದುರಿಸಬೇಕು ಅನ್ನಿಸುತ್ತದೆ. ಮೊದಲು ನನ್ನವನ್ನು, ಆಮೇಲೆ ಅವರವನ್ನು.

ಇದು ಹೋದ ವರ್ಷದ ಮಾತು. ಎರಡನೆಯ ಮಹಾಯುದ್ಧ ಮುಗಿದು ಹತ್ತು ವರ್ಷವಾಗಿತ್ತಷ್ಟೆ. ಅಂತರರಾಷ್ಟ್ರೀಯ ಸಂಸ್ಥೆಗಳು ಜರ್ಮನರನ್ನೂ ನೌಕರಿಗೆ ಸೇರಿಸಿಕೊಳ್ಳತೊಡಗಿದ್ದವು. ಒಬ್ಬರು ಕ್ಷಯದ ಲಸಿಕೆ ಹಾಕಿಸಲು, ಒಬ್ಬರು ಗಿರಣಿಯ ಫೋರ್‌ಮನ್‌ಗಳಿಗೆ ಪಾಠ ಹೇಳಲು, ಇನ್ನೊಬ್ಬರು ಬಂದರಿನ ಕ್ರೇನುಗಳನ್ನು ನೋಡಲು, ಹೀಗೆ ಮುಂಬಯಿಗೆ ಬಂದ ಜರ್ಮನರು ತಮ್ಮ ಅನುಕೂಲಕ್ಕೆ ಒಂದು ಸಹಾಯಕ ಸಂಘ ಕಟ್ಟಿಕೊಂಡಿದ್ದರು. ಫೋರ್ಟ್ ಪೇಟೆಯ ಹಳೆಯ ಬಿಲ್ಡಿಂಗೊಂದರ ಮೂರನೆಯ ಮಾಳಿಗೆಯಲ್ಲಿ ಅದರ ಆಫೀಸು. ಎರಡು ಕೋಣೆ. ಒಳಕೋಣೆಯಲ್ಲಿ ಕಾರ್ಯದರ್ಶಿಗಳು, ಜರ್ಮನಿಯವರು. ಹೊರಕೋಣೆಯಲ್ಲಿ ಧಾರವಾಡದ ಹೆಡ್‌ಕ್ಲಾರ್ಕ್ ರಾಯರು ಮತ್ತು ಟೈಪಿಸ್ಟನಾದ ನಾನು.

ನಮ್ಮ ಮುಖ್ಯ ಕೆಲಸ ಕುರ್ಚಿ ಕಾಯುವುದು. ಈ ಜನ ತಮ್ಮ ದೇಶದಲ್ಲಿ ಯಾವುದೋ ಸರಕಾರಿ ಆಫೀಸಿನ ಕುರ್ಚಿಯಿಂದ ಎದ್ದು ಇಲ್ಲಿಗೆ ಬಂದವರು. ಎದ್ದವರ ಕುರ್ಚಿಯಲ್ಲಿ ಇನ್ನೊಬ್ಬ ಕೂತುಬಿಟ್ಟರೆ ವಾಪಸು ಹೋಗುವುದು ಎಲ್ಲಿಗೆ? ಆದ್ದರಿಂದ ಆರು ತಿಂಗಳಿಗೊಮ್ಮೆ ಪ್ರತಿಯೊಬ್ಬರ ಊರಿಗೂ ಒಂದು ಫಾರ್ಮು ಹೋಗಬೇಕು: ಇವರು ಇನ್ನೂ ಹೊರದೇಶದ ಸೇವೆಯಲ್ಲಿದ್ದಾರೆ, ಇವರ ಹಿರಿತನವನ್ನೂ ಪಿಂಚಣಿಯನ್ನೂ ಕಾಯ್ದಿಡಿ. ರಾಯರು ಅದಕ್ಕೆ ‘ಕುರ್ಚಿ ಫಾರ್ಮು’ ಎಂದು ಹೆಸರಿಟ್ಟಿದ್ದರು. ಕೊನೆಗೆ ಜರ್ಮನರೇ ಬಂದು “ನನ್ನ ಕುರ್ಚಿ ಹೋಯಿತೇ?” ಎಂದು ಕೇಳುವಷ್ಟು ಆ ಹೆಸರು ರೂಢಿಯಾಗಿತ್ತು. ಫಾರ್ಮುಗಳನ್ನು ಹೊಡೆಯಲು ಜರ್ಮನ್ ಟೈಪ್‌ರೈಟರ್. ಅದರಲ್ಲಿ ‘ವೈ’ ಇರಬೇಕಾದ ಕಡೆ ‘ಝೆಡ್’, ‘ಝೆಡ್’ ಇರಬೇಕಾದ ಕಡೆ ‘ವೈ’. ಇಂಗ್ಲಿಷ್ ಕಾಗದದ ಕೊನೆಗೆ ‘ಯುವರ್ಸ್ ಫೇಯ್ತ್‌ಫುಲಿ’ ಎಂದು ಹೊಡೆದರೆ ‘ಝುವರ್ಸ್ ಫೇಯ್ತ್‌ಫುಲ್‌ಝ್’ ಎಂದು ಬೀಳುತ್ತಿತ್ತು. ಮೊದಲ ತಿಂಗಳು ನಾನು ಅರ್ಧ ಮುಂಬಯಿಗೆ ಝುವರ್ಸ್ ಆಗಿದ್ದೆ.

ನನಗೆ ಜರ್ಮನ್ ಬಂದದ್ದು ಕಿವಿಯಿಂದ. ಮಂಗಳೂರಿನಲ್ಲಿ ನಮ್ಮ ಮನೆಯ ಹಿಂದೆ ಕಣ್ಣು ಮಂಜಾದ ಒಬ್ಬ ಮುದಿ ಸ್ವಿಸ್ ಪಾದ್ರಿಯಿದ್ದರು. ಅವರಿಗೆ ಹಳೆಯ ಪತ್ರಿಕೆಗಳನ್ನು ಗಟ್ಟಿಯಾಗಿ ಓದಿಹೇಳುವುದು ನನ್ನ ಕೆಲಸವಾಗಿತ್ತು. ಅರ್ಥ ನಾಲ್ಕಾಣೆ, ಉಚ್ಚಾರ ಹದಿನಾರಾಣೆ. ಗಿಳಿಯ ಜರ್ಮನ್ ಅಂದರೂ ತಪ್ಪಿಲ್ಲ. ಯಾರು ಎದುರಿಗೆ ಬಂದರೂ ಎರಡು ನಿಮಿಷದೊಳಗೆ ಅವರ ದನಿ ನನ್ನ ಗಂಟಲಿಗೆ ಇಳಿದುಬಿಡುವುದು ನನಗಿರುವ ರೋಗ. ರಾಯರು ಸೀನುವ ಮುಂಚೆ ನಾನು ಅವರಂತೆ ಸೀನುತ್ತಿದ್ದೆ. ನನ್ನ ಹೆದರಿಕೆಯ ದನಿಯನ್ನೂ ನಾನು ಚೆನ್ನಾಗಿ ಅಣಕಿಸುತ್ತೇನೆ; ಅದು ಎಣ್ಣೆ ಹಾಕದ ಕದದ ಹಾಗೆ.

ಕಾರ್ಯದರ್ಶಿಗಳು ಹನ್ನೊಂದು ಗಂಟೆಗೆ ಸರಿಯಾಗಿ ಒಂದು ಬೇಯಿಸಿದ ಮೊಟ್ಟೆ ತಿನ್ನುತ್ತಿದ್ದರು. ಅದೊಂದು ಪೂಜೆ. ಮೊದಲು ವೇಸ್ಟ್‌ಕೋಟನ್ನು ಎರಡೂ ಕೈಯಿಂದ ಕೆಳಗೆಳೆಯುವುದು. ‘ಆಲ್‌ಝೊ!’ ಅನ್ನುವುದು, ಅಂದರೆ ‘ಸರಿ, ಹಾಗಾದರೆ’. ಮೊಟ್ಟೆಯ ನೆತ್ತಿಗೆ ಚಮಚೆಯಿಂದ ಮೂರು ಪೆಟ್ಟು, ಕಿವಿಗೊಟ್ಟು ಕೇಳುವುದು, ಮತ್ತೆ ಒಂದು ಪೆಟ್ಟು. ನಾನೊಂದು ದಿನ ಅಂಟಿನ ಬಾಟಲಿಯನ್ನು ಮೊಟ್ಟೆ ಮಾಡಿಕೊಂಡು ಸ್ಕೇಲಿನಿಂದ ತಟ್ಟುತ್ತ ರಾಯರಿಗೆ ಈ ಪೂಜೆಯನ್ನು ತೋರಿಸುತ್ತಿದ್ದೆ. ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದ ರಾಯರು ಥಟ್ಟನೆ ಲೆಡ್ಜರಿನೊಳಗೆ ಮುಖ ಹುದುಗಿಸಿದರು. ತಿರುಗಿ ನೋಡಿದರೆ ಬಾಗಿಲಲ್ಲಿ ಕಾರ್ಯದರ್ಶಿಗಳು.

ನನ್ನ ಎಣ್ಣೆಯಿಲ್ಲದ ಕದ ಕಿರ್ ಅಂದಿತು.

ಅವರು ಚಪ್ಪಾಳೆ ತಟ್ಟಿದರು. “ಬಹಳ ಚೆನ್ನಾಗಿದೆ, ಯಂಗ್ ಮ್ಯಾನ್! ನಾಲ್ಕನೆಯ ಪೆಟ್ಟು ಇನ್ನೂ ಸ್ವಲ್ಪ ಮೆಲ್ಲಗೆ,” ಎಂದು ಇಂಗ್ಲಿಷಿನಲ್ಲಿ ತಿದ್ದಿ, ನಗುತ್ತ ಒಳಗೆ ಹೋದರು.

“ದೊಡ್ಡ ಮನಸಿನ ಮನಿಷ್ಯಾ ನೋಡ ತಮ್ಮಾ,” ಎಂದರು ರಾಯರು. ನಾನೂ ಹಾಗೆಯೇ ತಿಳಿದೆ.

ತಿಂಗಳು ಕಳೆಯುವಷ್ಟರಲ್ಲಿ ಸುದ್ದಿ ಬಂತು. ಆಫೀಸು ದಿಲ್ಲಿಗೆ ಹೋಗುತ್ತದೆ, ಕಾರ್ಯದರ್ಶಿಗಳಿಗೆ ಅಂತರರಾಷ್ಟ್ರೀಯ ಸಂಸ್ಥೆಯೊಂದರ ಯುರೋಪಿನ ಮುಖ್ಯ ಕಚೇರಿಯಲ್ಲಿ ದೊಡ್ಡ ಹುದ್ದೆ, ನಮ್ಮಿಬ್ಬರಿಗೆ ತಿಂಗಳ ಕೊನೆಗೆ ನಮಸ್ಕಾರ. ಜಗತ್ತಿನ ಕುರ್ಚಿಗಳನ್ನೆಲ್ಲ ಕಾದ ನಮಗೆ ಕುರ್ಚಿಯಿಲ್ಲ. ನನಗೆ ಇನ್ನೊಂದು ಕೆಲಸ ಸಿಗದಿದ್ದರೆ ಊರಿಗೆ ಹೋಗಿ ತಾಲೂಕು ಕಚೇರಿಯ ಜಗಲಿಯಲ್ಲಿ ಕೂತು ಅರ್ಜಿ ಬರೆಯುವುದೇ ಗತಿ. ಆದರೆ ಆಸೆಗೆ ಜಾಗವಿತ್ತು. ಬೈಕುಲ್ಲಾದಲ್ಲಿ ಫೋರ್‌ಮನ್‌ಗಳ ತರಬೇತಿ ಆಫೀಸು ನಡೆಸುತ್ತಿದ್ದ ಜರ್ಮನ್ ಇಂಜಿನಿಯರ್, ನಮ್ಮ ಸಂಘದ ಸದಸ್ಯರೇ, ಜರ್ಮನ್ ಬಲ್ಲ ಟೈಪಿಸ್ಟನನ್ನು ಹುಡುಕುತ್ತಿದ್ದರು. ಕುರ್ಲಾದಲ್ಲಿ ಯಂತ್ರಗಳನ್ನು ತರಿಸುವ ಒಂದು ಜರ್ಮನ್ ಕಂಪನಿಯಲ್ಲೂ ಜಾಗವಿತ್ತು. ಎರಡು ಕಡೆಯೂ ಕೇಳುವುದು ಒಂದನ್ನೇ: ಹಳೆಯ ಧಣಿಯ ಸರ್ಟಿಫಿಕೇಟು, ಜರ್ಮನ್ ಪದ್ಧತಿಯಲ್ಲಿ.

ಕಾರ್ಯದರ್ಶಿಗಳು ನಮ್ಮಿಬ್ಬರದನ್ನೂ ಕೈಯಲ್ಲೇ ಬರೆದು ಕೊಟ್ಟರು. ಟೈಪ್ ಮಾಡಬೇಕಾದವನು ನಾನೇ. ರಾಯರದ್ದು ನಾಲ್ಕು ಸಾಲು: ವಹಿಸಿದ ಕೆಲಸವನ್ನು ಸದಾ ನಮ್ಮ ಸಂಪೂರ್ಣ ತೃಪ್ತಿಗೆ ಮಾಡಿದರು, ಅವರನ್ನು ಬಿಟ್ಟುಕೊಡಲು ವಿಷಾದವಾಗುತ್ತದೆ. ಅಷ್ಟೇ. ನನ್ನದು ಮುಕ್ಕಾಲು ಪುಟ. ಅದನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ:

‘ತಮಗೆ ವಹಿಸಿದ ಕೆಲಸಗಳನ್ನು ಪೂರೈಸಲು ಅವರು ಸದಾ ಶ್ರಮಪಟ್ಟರು. ತಮ್ಮ ಕೆಲಸದ ಬಗ್ಗೆ ಅವರಿಗೆ ತಿಳುವಳಿಕೆ ಇತ್ತು. ತಮ್ಮ ಸ್ನೇಹಪರ ಸ್ವಭಾವದಿಂದ ಕಚೇರಿಯ ವಾತಾವರಣವನ್ನು ಉಲ್ಲಾಸಗೊಳಿಸಿದರು. ಅವರಿಗೆ ಎಲ್ಲ ಶುಭವನ್ನೂ, ಮುಖ್ಯವಾಗಿ ಯಶಸ್ಸನ್ನೂ ಹಾರೈಸುತ್ತೇವೆ.’

‘ಶ್ರಮಪಟ್ಟರು’ ಎಂಬುದಕ್ಕೆ ಜರ್ಮನಿನಲ್ಲಿ ‘ಬೆಮ್ಯೂಟ್’. ಅದರ ಮಧ್ಯದ ಅಕ್ಷರದ ತಲೆಯ ಮೇಲೆ ಎರಡು ಚುಕ್ಕಿ ಇರಬೇಕು. ಅವಸರದಲ್ಲಿ ಅವರು ಇಟ್ಟಿರಲಿಲ್ಲ. ನಾನು ಕೆಂಪು ಪೆನ್ಸಿಲಿನಿಂದ ಎರಡು ಚುಕ್ಕಿ ಇಟ್ಟು ತೋರಿಸಿದೆ. ಭೇಷ್ ಎನ್ನಿಸಿಕೊಂಡದ್ದು ಆಗಲೇ. ಮೂಲಕ್ಕೂ ಒಂದು ಕಾರ್ಬನ್ ಪ್ರತಿಗೂ ಸಹಿ ಹಾಕಿ ನನಗೆ ಕೊಟ್ಟರು. ಇನ್ನೊಂದು ಪ್ರತಿ ಮತ್ತು ಕೈಬರಹದ ಕರಡು ಫೈಲಿಗೆ ಹೋದವು. ಯಾವ ಕರಡನ್ನೂ ಹರಿಯಕೂಡದು ಎಂಬುದು ಕಾರ್ಯದರ್ಶಿಗಳೇ ಮಾಡಿದ ಕಟ್ಟಪ್ಪಣೆ.

“ನಿಂದು ಪುರಾಣಾ ಆತು, ನಂದು ಬರೇ ನಾಕ ಸಾಲು,” ಎಂದು ರಾಯರು ಸಪ್ಪೆ ಮುಖ ಮಾಡಿದರು.

“ನೀವು ಹದಿನೈದು ದಿನಕ್ಕೊಮ್ಮೆ ಮಾತಾಡುವವರು. ನಿಮ್ಮ ಬಗ್ಗೆ ಎಂತ ಬರೆಯಲಿಕ್ಕಾಗುತ್ತದೆ ರಾಯರೇ?”

ನಾನು ಇದ್ದದ್ದು ಮಾಟುಂಗದಲ್ಲಿ, ಮಾವನ ಜೊತೆ. ನನ್ನ ತಾಯಿಯ ಅಣ್ಣ ಅವರು. ಅಲ್ಲಿಯ ಒಂದು ಉಡುಪಿ ಹೋಟೆಲಿನ ಮೇನೇಜರು, ಇಡೀ ದಿನ ಗಲ್ಲಾದ ಹಿಂದೆ ಕೂತಿರುವವರು. ಸರ್ಟಿಫಿಕೇಟಿನ ಅರ್ಥ ಹೇಳಿದೆ. ಅವರ ಕಣ್ಣು ತುಂಬಿತು.

“ಸದಾ ಶ್ರಮಪಟ್ಟರು ಅಂತ ಬರೆದಿದ್ದಾರಾ? ನಿನ್ನನ್ನಾ? ಊರಲ್ಲಿ ನಿನ್ನ ಅಪ್ಪ ನಿನ್ನನ್ನು ಸೋಮಾರಿ ಅಂತ ಹೇಳುತ್ತಿದ್ದದ್ದಲ್ವಾ ಮಾರಾಯ!”

ಮರುದಿನವೇ ಮೂಲ ಪ್ರತಿ ಗಾಜು ಹಾಕಿದ ಫ್ರೇಮಿನೊಳಗೆ ಸೇರಿ ಗಲ್ಲಾದ ಮೇಲೆ, ಕೃಷ್ಣನ ಪಟದ ಪಕ್ಕಕ್ಕೆ ಏರಿತು. ಕಾಫಿ ಕುಡಿದು ಏಳುವ ಗಿರಾಕಿಗಳಿಗೆಲ್ಲ ಮಾವ ಅದನ್ನು ತೋರಿಸುವುದು: “ಜರ್ಮನ್ ಭಾಷೆ. ನಿಮಗೆ ಓದಲಿಕ್ಕೆ ಬರುವುದಿಲ್ಲ. ನಮ್ಮ ಮಾಣಿಯ ಬಗ್ಗೆ ಉಂಟು.”

ನಾನು ಸಹಿಯ ಕಾರ್ಬನ್ ಪ್ರತಿ ಹಿಡಿದು ಬೈಕುಲ್ಲಾಕ್ಕೆ ಹೋದೆ. ಇಂಜಿನಿಯರ್ ಓದಿದರು. ಮೀಸೆಯ ಅಡಿಯಲ್ಲಿ ಸಣ್ಣ ನಗು. ಪಕ್ಕದ ಕೋಣೆಯಿಂದ ಇನ್ನೊಬ್ಬ ಜರ್ಮನನನ್ನು ಕರೆದು ತೋರಿಸಿದರು. ಅವರಿಗೂ ನಗು. “ಉಲ್ಲಾಸ, ಹಾಂ?” ಎಂದರು. “ಹೌದು ಸಾರ್, ಬಹಳ ಉಲ್ಲಾಸ!” ಎಂದೆ ನಾನು, ಎದೆಯುಬ್ಬಿಸಿ. ತಿಳಿಸುತ್ತೇವೆ ಎಂದರು. ತಿಳಿಸಲಿಲ್ಲ. ಕುರ್ಲಾದ ಕಂಪನಿಯಲ್ಲಿ ಅದೇ ಕಾಗದ, ಅದೇ ನಗು, ಅದೇ ತಿಳಿಸುತ್ತೇವೆ. ನಾನು ಆ ನಗುವನ್ನೂ ಕಲಿತುಕೊಂಡು ಬಂದು ಹೋಟೆಲಿನಲ್ಲಿ ಎಲ್ಲರಿಗೂ ಮಾಡಿ ತೋರಿಸಿದೆ. ಮೆಚ್ಚಿದ ನಗು ಅಂದುಕೊಂಡಿದ್ದೆ.

ಅದೇ ಕುರ್ಲಾದ ಕಂಪನಿಗೆ ರಾಯರು ತಮ್ಮ ನಾಲ್ಕು ಸಾಲು ಹಿಡಿದುಕೊಂಡು ಹೋದರು. ಬುಧವಾರ ಹೋದವರಿಗೆ ಶುಕ್ರವಾರ ಕೆಲಸದ ಪತ್ರ ಬಂತು.

ಆವತ್ತು ನನಗೆ ಅನುಮಾನ ಹುಟ್ಟಿತು. ಮೂರು ವರ್ಷ ಜರ್ಮನ್ ಟೈಪ್ ಮಾಡಿದವನನ್ನು ಬಿಟ್ಟು, ಒಂದಕ್ಷರ ಜರ್ಮನ್ ಬಾರದ, ಪಿಂಚಣಿಯ ವಯಸ್ಸಿನ ರಾಯರನ್ನು ಯಾಕೆ ತೆಗೆದುಕೊಂಡರು?

ಸಂಘದ ಅಧ್ಯಕ್ಷೆ ಕ್ಷಯದ ಲಸಿಕೆಯ ಡಾಕ್ಟರಮ್ಮ. ಅರವತ್ತರ ಹತ್ತಿರ, ಮೊಣಕಾಲು ನೋವು, ಮೂರು ಮಾಳಿಗೆ ಹತ್ತಿ ಬಂದರೆ ಮೊದಲು ಐದು ನಿಮಿಷ ಯಾರನ್ನೂ ಮಾತಾಡಿಸುವುದಿಲ್ಲ. ತಮ್ಮ ಕುರ್ಚಿ ಫಾರ್ಮಿಗೆ ಸಹಿ ಹಾಕಲು ಬಂದವರ ಮುಂದೆ ನನ್ನ ಪ್ರತಿಯನ್ನಿಟ್ಟೆ. “ಮ್ಯಾಡಂ, ಇದರಲ್ಲಿ ಏನಾದರೂ ಕೊರತೆ ಇದೆಯೇ?”

ಅವರು ಓದಿದರು. ಕನ್ನಡಕ ತೆಗೆದರು. ನಗಲಿಲ್ಲ.

“ಇದನ್ನು ಟೈಪ್ ಮಾಡಿದ್ದು ಯಾರು?”

“ನಾನೇ ಮ್ಯಾಡಂ.”

“ಅಯ್ಯೋ ದೇವರೇ,” ಎಂದು ಹಿಂದಿಯಲ್ಲಿ ಹೇಳಿ ಕುರ್ಚಿ ತೋರಿಸಿದರು. “ಕೂತುಕೋ. ನಮ್ಮ ದೇಶದಲ್ಲಿ ಬಿಟ್ಟುಹೋಗುವವನ ಸರ್ಟಿಫಿಕೇಟಿನಲ್ಲಿ ಕೆಟ್ಟ ಮಾತು ಬರೆಯುವ ಹಾಗಿಲ್ಲ. ಅದಕ್ಕೆ ಜನ ಒಳ್ಳೆಯ ಮಾತಿನಲ್ಲೇ ಕೆಟ್ಟದ್ದನ್ನು ಬರೆಯಲು ಕಲಿತಿದ್ದಾರೆ. ಓದುವವರಿಗೂ ಗೊತ್ತು, ಬರೆಯುವವರಿಗೂ ಗೊತ್ತು. ಗೊತ್ತಿಲ್ಲದಿರುವುದು ಹೊರಗಿನವರಿಗೆ ಮಾತ್ರ.”

ಬೆರಳಿಟ್ಟು ಒಂದೊಂದೇ ಸಾಲು ಬಿಡಿಸಿದರು. ಸದಾ ಶ್ರಮಪಟ್ಟರು ಅಂದರೆ ತಿಣುಕಿದ, ಒಂದೂ ಆಗಲಿಲ್ಲ. ಕೆಲಸದ ಬಗ್ಗೆ ತಿಳುವಳಿಕೆ ಇತ್ತು ಅಂದರೆ ಕೆಲಸ ಏನೆಂದು ಗೊತ್ತಿತ್ತು, ಮಾಡಲಿಲ್ಲ. ಉಲ್ಲಾಸಗೊಳಿಸಿದರು ಅಂದರೆ ಹರಟೆಮಲ್ಲ, ಪ್ರಾಯಶಃ ಕುಡುಕ. ಮುಖ್ಯವಾಗಿ ಯಶಸ್ಸನ್ನು ಹಾರೈಸುತ್ತೇವೆ ಅಂದರೆ ಇಲ್ಲಂತೂ ಅದು ಸಿಗಲಿಲ್ಲ. ವಿಷಾದದ ಮಾತಿಲ್ಲ, ಅಂದರೆ ತೊಲಗಿದ್ದಕ್ಕೆ ಸಂತೋಷ.

ನಾನು ಆ ಎರಡು ಚುಕ್ಕಿಗಳನ್ನು ನೋಡುತ್ತ ಕೂತೆ.

“ನೀನು ಅವನಿಗೆ ಏನು ಮಾಡಿದ್ದೆ?”

ಅಂಟಿನ ಬಾಟಲಿ ಎತ್ತಿಕೊಂಡು ಮಾಡಿ ತೋರಿಸಿದೆ. ಮೂರನೆಯ ಪೆಟ್ಟಿಗೆ ಡಾಕ್ಟರಮ್ಮ ಮೇಜು ಹಿಡಿದುಕೊಂಡು ನಗತೊಡಗಿದರು. ನಾಲ್ಕನೆಯ ಪೆಟ್ಟಿಗೆ ನಗು ನಿಂತಿತು. “ಹಾಂ. ಅದಕ್ಕೇ.”

“ನೀವು ಅಧ್ಯಕ್ಷರು. ಇದನ್ನು ರದ್ದು ಮಾಡಿ.”

“ನನ್ನಿಂದಾಗದು. ಸಹಿ ಹಾಕಿದವನೇ ಹಿಂದಕ್ಕೆ ತೆಗೆದುಕೊಳ್ಳಬೇಕು. ಕೇಳಿದರೆ, ನಾನು ಹೊಗಳಿಯೇ ಬರೆದಿದ್ದೇನಲ್ಲ ಅನ್ನುತ್ತಾನೆ. ಇದರ ಚಂದವೇ ಅದು.”

ಅವರು ಹೋದ ಮೇಲೆ ನಾನು ಬಚ್ಚಲಿಗೆ ಹೋಗಿ ಕನ್ನಡಿಯ ಮುಂದೆ ನಿಂತೆ. ಬೈಕುಲ್ಲಾದ ನಗು ತಾನಾಗಿ ಮುಖದ ಮೇಲೆ ಬಂತು. ಎಷ್ಟು ಚೆನ್ನಾಗಿ ಕಲಿತಿದ್ದೆನಪ್ಪ! ಆ ನಗುವನ್ನು ನಾನು ಹತ್ತು ಜನಕ್ಕೆ ಮಾಡಿ ತೋರಿಸಿದ್ದೆ, ನನ್ನನ್ನೇ ನೋಡಿ ನಕ್ಕ ನಗುವನ್ನು. ಎದುರಿಗೇ ಬೈದಿದ್ದರೆ, ಕಪಾಳಕ್ಕೆ ಬಿಗಿದಿದ್ದರೆ ನಾನು ಕಾಲು ಹಿಡಿಯುತ್ತಿದ್ದೆ. ಚಪ್ಪಾಳೆ ತಟ್ಟಿ, ನಾಲ್ಕನೆಯ ಪೆಟ್ಟನ್ನು ತಿದ್ದಿ, ಆಮೇಲೆ ನನ್ನ ಕೈಯಿಂದಲೇ ನನ್ನನ್ನು ಮುಗಿಸಿದ್ದರು. ಈ ಮನುಷ್ಯನನ್ನು ಸುಮ್ಮನೆ ಹಡಗು ಹತ್ತಲು ಬಿಡಬಾರದು ಎಂದು ಅಲ್ಲೇ ನಿಶ್ಚಯ ಮಾಡಿದೆ.

ಅವಕಾಶ ತಾನಾಗಿ ಮೇಜಿಗೆ ಬಂತು. ಕಾರ್ಯದರ್ಶಿಗಳ ಹೊಸ ಹುದ್ದೆಗೂ ಸರ್ಟಿಫಿಕೇಟು ಬೇಕು. ಅದನ್ನು ಕೊಡಬೇಕಾದವರು ಅಧ್ಯಕ್ಷೆ. ಡಾಕ್ಟರಮ್ಮ ಕರಡು ಬರೆದು ಮುಚ್ಚಿದ ಲಕೋಟೆಯಲ್ಲಿ ನನಗೇ ಕಳಿಸಿದರು. ಬೀಳ್ಕೊಡುಗೆಯ ದಿನ ಸಹಿ ಹಾಕುವೆ, ಟೈಪ್ ಮಾಡಿ ತಾ ಎಂದು ಚೀಟಿ. ತೆರೆದೆ: ‘ಎಲ್ಲ ಕೆಲಸಗಳನ್ನೂ ಸದಾ ನಮ್ಮ ಪರಿಪೂರ್ಣ ತೃಪ್ತಿಗೆ ನಿರ್ವಹಿಸಿದರು.’ ಸದಾ. ಜರ್ಮನಿನಲ್ಲಿ ‘ಶ್ಟೇಟ್ಸ್’. ಐದಕ್ಷರ. ಅದೊಂದನ್ನು ಬಿಟ್ಟರೆ ‘ಆಗೀಗ ಮಾಡುತ್ತಿದ್ದ’ ಎಂದಾಗುತ್ತದೆ. ‘ಪರಿಪೂರ್ಣ’ವನ್ನೂ ಬಿಟ್ಟರೆ ‘ಹೇಗೋ ತಳ್ಳಿದ’. ಎರಡು ಶಬ್ದ ಮಾಯವಾದರೆ ಯುರೋಪಿನಲ್ಲಿ ಮೀಸೆಯಡಿಯ ನಗು ಶುರು.

ಎರಡು ಪ್ರತಿ ಟೈಪ್ ಮಾಡಿದೆ. ಒಂದು ಅವರು ಬರೆದಂತೆ, ಒಂದು ನನ್ನ ಮನಸ್ಸಿಗೆ ಬಂದಂತೆ. ಎರಡನೆಯದು ಎಷ್ಟು ಚೊಕ್ಕಟವಾಗಿ ಬಂದಿತ್ತೆಂದರೆ ಬದುಕಿನಲ್ಲಿ ಅಂಥ ಟೈಪು ನಾನು ಮತ್ತೆ ಹೊಡೆದಿಲ್ಲ. ಡಾಕ್ಟರಮ್ಮ ಕನ್ನಡಕ ಹುಡುಕುವ ಮೊದಲು ಸಹಿ ಹಾಕುವವರು. ಗೊತ್ತಾಗುವುದಿಲ್ಲ.

ರಾಯರು ಬಗ್ಗಿ ನೋಡಿದರು. ಜರ್ಮನ್ ಬಾರದಿದ್ದರೂ ಒಂದು ಸಾಲು ಗಿಡ್ಡವಾಗಿರುವುದು ಅವರಿಗೆ ಕಂಡಿತು.

“ಏನ ಮಾಡಾಕತ್ತಿ ತಮ್ಮಾ?”

ಹೇಳಿದೆ.

“ಚಲೋ ಐತಿ. ಅಂವ ಅಲ್ಲಿ ಹೋಗತಾನ, ಯಾರೋ ನಗತಾರ. ನಿನಗೇನ ಕಾಣತೈತಿ? ಕಾಗದದಾಗ ಅಡಗಿ ಕುಂತು ಕಲ್ಲ ಒಗಿಯೂದು ಅವನ ವಿದ್ಯಾ. ನಿನ್ನ ವಿದ್ಯಾ ಅದಲ್ಲೋ, ನಾಟಕದಾಂವಾ.”

ಮೂರು ವರ್ಷದಲ್ಲಿ ರಾಯರು ಆಡಿದ ಅತಿ ಉದ್ದದ ಮಾತು. ನಾನು ಎರಡನೆಯ ಪ್ರತಿಯನ್ನು ಹರಿದೆ. ಪಾಪಕ್ಕೆ ಹೆದರಿ ಅಲ್ಲ, ಒಳ್ಳೆಯತನಕ್ಕಂತೂ ಅಲ್ಲವೇ ಅಲ್ಲ. ನೋಡುವವರಿಲ್ಲದ ಸೇಡು ನನಗೆ ಬೇಡವಾಯಿತು. ನನಗೆ ಮುಂದಿನ ಸಾಲಿನಲ್ಲಿ ಕೂತ ಜನ ಬೇಕು.

ಬೀಳ್ಕೊಡುಗೆಗೆ ಜಾಗ ಗೊತ್ತುಮಾಡುವುದು ನನ್ನ ಪಾಲಿನ ಕೆಲಸವಾಗಿತ್ತು. ಒಳಕೋಣೆಗೆ ಹೋಗಿ ವಿನಯದಿಂದ ನಿಂತೆ. “ಸಾರ್, ಮಾಟುಂಗದಲ್ಲಿ ನನ್ನ ಮಾವನ ಹೋಟೆಲಿದೆ. ಮೇಲೆ ಫ್ಯಾಮಿಲಿ ರೂಮು. ಮಸಾಲೆ ದೋಸೆ.”

ಅವರಿಗೆ ದೋಸೆ ಎಂದರೆ ಪ್ರಾಣ. “ಆಲ್‌ಝೊ! ಮಾಟುಂಗ!” ಎಂದರು, ವೇಸ್ಟ್‌ಕೋಟು ಎಳೆದುಕೊಳ್ಳುತ್ತ.

ಶನಿವಾರ ಮಧ್ಯಾಹ್ನ. ನಾನು ಬೆಳಿಗ್ಗೆಯೇ ಹೋಗಿ ಫ್ರೇಮಿನ ಗಾಜನ್ನು ನಿಂಬೆಹುಳಿ ಹಾಕಿ ಉಜ್ಜಿದೆ. ಮಾವ ಅದಕ್ಕೊಂದು ಮಲ್ಲಿಗೆ ಮಾಲೆ ಏರಿಸಿದರು. ಗಲ್ಲಾವನ್ನು ದಾಟದೆ ಮೇಲಿನ ಮೆಟ್ಟಿಲಿಗೆ ದಾರಿಯಿಲ್ಲ. ಇಬ್ಬಿಬ್ಬರಾಗಿ ಮುಂಬಯಿಯ ಜರ್ಮನರು ಬಂದರು. ಮಾವ ಎದ್ದು ನಿಂತು ಕೈಮುಗಿದು ಗೋಡೆ ತೋರಿಸುವುದು: “ಮೈ ನೆಫ್ಯೂ! ಜರ್ಮನ್ ಸರ್ಟಿಫಿಕೇಟ್!” ಅವರು ಕತ್ತೆತ್ತಿ ಓದುವುದು. ಮೀಸೆಯಡಿಯ ನಗು ಹೊರಡುವುದು. ಆಮೇಲೆ ಮಲ್ಲಿಗೆ ಮಾಲೆ, ಮಾವನ ಮುಖ ಎರಡನ್ನೂ ನೋಡಿ ಆ ನಗು ಅರ್ಧಕ್ಕೇ ಸತ್ತುಹೋಗುವುದು. ಸಹಿ ಯಾರದೆಂದು ಬಗ್ಗಿ ನೋಡಿ ಮೆಟ್ಟಿಲು ಹತ್ತುವುದು. ಬೈಕುಲ್ಲಾದ ಇಂಜಿನಿಯರ್ ಅಲ್ಲಿ ಬಹಳ ಹೊತ್ತು ನಿಂತರು.

ಕಾರ್ಯದರ್ಶಿಗಳು ಕೊನೆಗೆ ಬಂದರು. ಓದಿದರು. ಕಿವಿಯ ತುದಿ ಕೆಂಪಾಯಿತು.

“ಇದನ್ನು ತೆಗೆಸು,” ಎಂದರು ತಗ್ಗಿದ ದನಿಯಲ್ಲಿ.

“ಮಾವನ ಗೋಡೆ ಸಾರ್. ಯಾಕೆ ಸಾರ್, ಹೊಗಳಿಯೇ ಬರೆದಿದ್ದೀರಲ್ಲ?”

ಅವರು ನನ್ನ ಮುಖ ನೋಡಿದರು. ನನಗೆ ಗೊತ್ತಾಗಿದೆ ಎಂದು ಅವರಿಗೆ ಗೊತ್ತಾಯಿತು. ಆ ಕ್ಷಣವನ್ನು ನಾನು ಇನ್ನೂ ಪೆಪ್ಪರಮೆಂಟಿನ ಹಾಗೆ ದವಡೆಯಲ್ಲಿಟ್ಟುಕೊಂಡಿದ್ದೇನೆ.

ದೋಸೆ ಆಯಿತು, ಕಾಫಿ ಆಯಿತು. ಭಾಷಣಗಳ ನಡುವೆ ಡಾಕ್ಟರಮ್ಮ ನನ್ನತ್ತ ತಿರುಗಿದರು. “ನಮ್ಮ ಟೈಪಿಸ್ಟ್ ಒಳ್ಳೆಯ ಅನುಕರಣೆ ಮಾಡುತ್ತಾನಂತೆ.”

ಉಡುಪಿ ಹೋಟೆಲಿನಲ್ಲಿ ಮೊಟ್ಟೆ ಎಲ್ಲಿಂದ ಬರಬೇಕು? ಒಂದು ಬಟಾಟೆ ಬೋಂಡವನ್ನು ಲೋಟದ ಮೇಲೆ ಕೂರಿಸಿದೆ. ವೇಸ್ಟ್‌ಕೋಟು ಎಳೆದೆ, ನನ್ನ ಮೈಮೇಲೆ ಅದು ಇಲ್ಲದಿದ್ದರೂ. “ಆಲ್‌ಝೊ!” ಮೂರು ಪೆಟ್ಟು. ಕಿವಿಗೊಟ್ಟೆ. ನಾಲ್ಕನೆಯದು ಮೆಲ್ಲಗೆ, ಅವರೇ ತಿದ್ದಿದ ಹಾಗೆ. ಕೋಣೆ ಬಿದ್ದು ಬಿದ್ದು ನಕ್ಕಿತು. ಕಾರ್ಯದರ್ಶಿಗಳೂ ನಕ್ಕರು, ಚಪ್ಪಾಳೆ ತಟ್ಟಿದರು.

ನಾನು ಕೆಳಗೆ ಹೋಗಿ ಫ್ರೇಮನ್ನು ಮಾಲೆ ಸಮೇತ ತಂದೆ. ಮಾವನಿಗೆ ಸಂಭ್ರಮವೋ ಸಂಭ್ರಮ, ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು. ಮುದಿ ಪಾದ್ರಿ ಕಲಿಸಿದ ಉಚ್ಚಾರದಲ್ಲಿ, ಕಾರ್ಯದರ್ಶಿಗಳ ದನಿಯಲ್ಲಿ, ಜರ್ಮನಿನಲ್ಲಿ ಓದತೊಡಗಿದೆ. ನನ್ನ ಹೆಸರಿದ್ದ ಕಡೆ ಮಾತ್ರ ಅವರ ಹೆಸರು ಹಾಕಿದೆ. ಇವರು ವಹಿಸಿದ ಕೆಲಸಗಳನ್ನು ಪೂರೈಸಲು ಸದಾ ಶ್ರಮಪಟ್ಟರು. ಯಾರೋ ಫಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ತಮ್ಮ ಕೆಲಸದ ಬಗ್ಗೆ ಇವರಿಗೆ ತಿಳುವಳಿಕೆ ಇತ್ತು. ಚಮಚೆಗಳ ಸದ್ದು ನಿಂತಿತು. ಮುಖ್ಯವಾಗಿ ಯಶಸ್ಸನ್ನು ಹಾರೈಸುತ್ತೇವೆ ಎಂದು ಮುಗಿಸಿದೆ. ಚಪ್ಪಾಳೆ ತಟ್ಟಿದವರು ಬಾಗಿಲಲ್ಲಿದ್ದ ಮಾವ ಒಬ್ಬರೇ.

ಕಾರ್ಯದರ್ಶಿಗಳು ಎದ್ದರು. “ಒಂದು ತಪ್ಪಾಗಿದೆ. ನಾನು ಹೀಗೆ ಬರೆದಿರಲಿಲ್ಲ. ಇದು ಟೈಪಿಸ್ಟನ ತಪ್ಪು. ಝುವರ್ಸ್ ಫೇಯ್ತ್‌ಫುಲ್‌ಝ್ ಎಂದು ಬರೆಯುವವನು ಇವನು.”

ಇದನ್ನು ನಾನು ನಿರೀಕ್ಷಿಸಿರಲಿಲ್ಲ ಎಂದು ಬರೆದರೆ ಕಥೆ ಚೆನ್ನಾಗಿರುತ್ತದೆ. ನಿರೀಕ್ಷಿಸಿದ್ದೆ. ಅವರೇ ಮಾಡಿದ ಕಟ್ಟಪ್ಪಣೆಯ ಪ್ರಕಾರ ಹರಿಯದೆ ಇಟ್ಟಿದ್ದ ಕರಡನ್ನು ರಾಯರು ಅಂಗಿಯ ಜೇಬಿನಿಂದ ತೆಗೆದು ಡಾಕ್ಟರಮ್ಮನ ಎಲೆಯ ಪಕ್ಕ ಇಟ್ಟರು. “ಫೈಲ್ ಕಾಪಿ, ಮ್ಯಾಡಂ.” ಕಾರ್ಯದರ್ಶಿಗಳದೇ ಅಕ್ಷರ. ಅದರಲ್ಲಿ ನನ್ನದೆಂದು ಇದ್ದದ್ದು ಎರಡು ಕೆಂಪು ಚುಕ್ಕಿ ಮಾತ್ರ.

ಈ ಸಲ ಡಾಕ್ಟರಮ್ಮ ಕನ್ನಡಕ ಹಾಕಿಕೊಂಡೇ ಓದಿದರು. ಆಮೇಲೆ ನನ್ನತ್ತ ಕೈ ಚಾಚಿದರು. ಅವರ ಸಹಿಗೆ ಕಾದಿದ್ದ ಕಾರ್ಯದರ್ಶಿಗಳ ಸರ್ಟಿಫಿಕೇಟನ್ನು ಕೊಟ್ಟೆ. ಸಾಲಿನ ಮೇಲೆ ಬೆರಳಾಡಿಸಿ ‘ಸದಾ’ ಇದೆಯೋ ಎಂದು ನೋಡಿದರು. ಇತ್ತು. ಒಂದು ಸಲ ನನ್ನ ಮುಖ ನೋಡಿದರು. ಪೆನ್ನಿನ ಮುಚ್ಚಳ ಮಾತ್ರ ತೆಗೆಯಲಿಲ್ಲ.

“ಈ ಹುಡುಗನದನ್ನು ನೀವು ತಿದ್ದಿ ಬರೆದ ಮೇಲೆ ನಿಮ್ಮದಕ್ಕೆ ಸಹಿ ಹಾಕುತ್ತೇನೆ,” ಎಂದರು. “ಅವಸರವಿಲ್ಲ. ಇನ್ನೊಂದು ಕಾಫಿ ಕುಡಿಯೋಣ.”

ಕಾರ್ಯದರ್ಶಿಗಳು ಮೇಜಿನ ಮೂಲೆಯಲ್ಲಿ ಕೂತು ಬರೆದರು. ಬರೆದು ತಂದುಕೊಟ್ಟರು. ಡಾಕ್ಟರಮ್ಮ ಓದುವ ಮೊದಲೇ ನಾನು ಇಣುಕಿ ನೋಡಿದೆ. ಆಗಲೂ ಹಳೆಯ ಬುದ್ಧಿ ಬಿಟ್ಟಿರಲಿಲ್ಲ ಅವರು; ‘ಸದಾ’ ಎಲ್ಲೂ ಇರಲಿಲ್ಲ.

“ಶ್ಟೇಟ್ಸ್!” ಎಂದೆ, ಅವರದೇ ದನಿಯಲ್ಲಿ.

ಬೈಕುಲ್ಲಾದ ಇಂಜಿನಿಯರ್ ಕಾಫಿ ಚೆಲ್ಲಿಕೊಂಡು ನಕ್ಕರು. ಕಾರ್ಯದರ್ಶಿಗಳು ಪೆನ್ನು ತೆಗೆದುಕೊಂಡು ಆ ಶಬ್ದವನ್ನು ಸೇರಿಸಿದರು. ‘ಪರಿಪೂರ್ಣ’ವನ್ನೂ, ವಿಷಾದವನ್ನೂ ಸೇರಿಸಿ ಸಹಿ ಹಾಕಿದರು. ನನ್ನ ಬಳಿಯಿದ್ದ ಹಳೆಯ ಕಾರ್ಬನ್ ಪ್ರತಿಯನ್ನು ಇಸಿದುಕೊಂಡು ಹರಿದರು. ಆಮೇಲೆ ಫ್ರೇಮಿಗೆ ಕೈಹಾಕಿದರು.

ಮಾವ ಅದನ್ನು ಎದೆಗೆ ಅವುಚಿಕೊಂಡರು. “ಎಂತ ಇವರಿಗೆ? ಇದನ್ನು ಯಾಕೆ ಕೊಡಬೇಕು?”

“ಹೊಸದು ಬರೆದುಕೊಟ್ಟಿದ್ದಾರೆ ಮಾವ. ಹಳೆಯದನ್ನು ವಾಪಸು ಕೇಳುತ್ತಿದ್ದಾರೆ.”

ಮಾವ ಹೊಸದನ್ನು ಕೈಯಲ್ಲಿ ಹಿಡಿದು ಮೇಲಿನಿಂದ ಕೆಳಗೆ ನೋಡಿದರು. “ಇದರಲ್ಲಿ ಐದೇ ಸಾಲು ಉಂಟಲ್ಲ ಮಾರಾಯ! ಹಳೆಯದು ಪುಟ ತುಂಬ ಉಂಟು. ಸದಾ ಶ್ರಮಪಟ್ಟರು ಅಂತ ಉಂಟು. ಕೊಡುವುದಿಲ್ಲ ಅಂತ ಹೇಳು. ಇವರ ಬೀಳ್ಕೊಡುಗೆ ಅಂತ ನಾನು ಅದಕ್ಕೆ ಮಾಲೆ ಬೇರೆ ಹಾಕಿದ್ದೇನೆ.”

ನಿಜವಾದ ಅರ್ಥವನ್ನು ನಾನು ಅಲ್ಲೇ ಹೇಳಬಹುದಿತ್ತು. ಹೇಳಿದ್ದರೆ ಮಾವ ಆ ಫ್ರೇಮನ್ನು ಬೀದಿಗೆ ಎಸೆಯುತ್ತಿದ್ದರು. ನಾನು ಕಾರ್ಯದರ್ಶಿಗಳ ಕಡೆ ತಿರುಗಿ, “ಮಾವ ಒಪ್ಪುತ್ತಿಲ್ಲ ಸಾರ್, ನಿಮ್ಮ ಮೇಲಿನ ಗೌರವ,” ಎಂದೆ. ಡಾಕ್ಟರಮ್ಮ ಕಾರ್ಯದರ್ಶಿಗಳ ಸರ್ಟಿಫಿಕೇಟಿಗೆ ಸಹಿ ಹಾಕಿ ಪೆನ್ನಿನ ಮುಚ್ಚಳ ತಿರುಗಿಸಿದರು. ಕಾರ್ಯದರ್ಶಿಗಳು ನನ್ನ ಕೈ ಕುಲುಕಲಿಲ್ಲ.

ಸೋಮವಾರ ಬೈಕುಲ್ಲಾದಿಂದ ಕರೆ ಬಂತು. ಈಗ ನಾನು ಅಲ್ಲಿಯ ಟೈಪಿಸ್ಟ್. ಸೇಡು ತೀರಿದ ಮೇಲೆ ಮನಸ್ಸು ಹಗುರಾಗಿ ಕ್ಷಮೆ ಹುಟ್ಟುತ್ತದೆ ಎನ್ನುತ್ತಾರೆ. ನನಗೆ ಹುಟ್ಟಿಲ್ಲ. ಹೊಸ ಸರ್ಟಿಫಿಕೇಟಿಗೂ ಫ್ರೇಮು ಹಾಕಿಸಿ, ಅದನ್ನು ಹಳೆಯದರ ಪಕ್ಕಕ್ಕೇ ತೂಗುಹಾಕಿದ್ದೇನೆ. ಒಂದೇ ಹೆಸರಿನವನ ಬಗ್ಗೆ ಎರಡು ಮಾತು, ಎರಡರ ಅಡಿಯಲ್ಲೂ ಒಂದೇ ಸಹಿ, ನಡುವೆ ಮೂರು ವಾರ. ಊರಿಗೆ ಹೊಸದಾಗಿ ಬರುವ ಜರ್ಮನರು ಈಗಲೂ ದೋಸೆಗೆ ಮಾಟುಂಗಕ್ಕೆ ಬರುತ್ತಾರೆ. ಮಾವ ಎದ್ದು ನಿಂತು ಗೋಡೆ ತೋರಿಸುತ್ತಾರೆ. ಅವರು ಮೊದಲನೆಯದನ್ನು ಓದಿ ನಗುತ್ತಾರೆ, ಎರಡನೆಯದನ್ನು ಓದಿ ನಿಲ್ಲುತ್ತಾರೆ. ಆಮೇಲೆ ನನ್ನ ಹೆಸರನ್ನು ಬಿಟ್ಟು, ಬಗ್ಗಿ ಸಹಿಯನ್ನು ಓದಿಕೊಳ್ಳುತ್ತಾರೆ. ಆ ಸಹಿಯ ಮನುಷ್ಯನ ಕೈಕೆಳಗೆ ಕೆಲಸ ಮಾಡಬೇಕಾದವರೂ ಅವರಲ್ಲಿರುತ್ತಾರೆ.

ಭಾನುವಾರ ಭಾನುವಾರ ಗಾಜು ಒರೆಸುವವನು ನಾನೇ. ಅದಕ್ಕೆ ಮಾತ್ರ ನಾನು ಸದಾ ಶ್ರಮಪಡುತ್ತೇನೆ.